ಕನ್ನಡಕ್ಕೆ ಡಬಲ್ ಸೆಕ್ಯೂರಿಟಿ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಪ್ರಿನ್ಸಿಪಾಲರು ನನಗೆ ಹೇಳಿದ್ದಾರೆ. "ರಿಟೈರ್ ಆದೋರ ಮೇಲೆ ಒಂದು ಲೇಖನ ಇರಬೇಕಲ್ಲ ಮೇಡಂ. ಆದದ್ದು ಆಯ್ತು, ಅದನ್ನೆಲ್ಲ ಬಿಟ್ಟು ಬರೀರಿ" ಎಂದರು. ಅದನ್ನೆಲ್ಲ ಬಿಟ್ಟರೆ ಬರೆಯುವುದಕ್ಕೆ ಏನು ಉಳಿಯುತ್ತದೆ ಎಂದು ನಾನು ಕೇಳಲಿಲ್ಲ, ಸುಮ್ಮನೆ ಒಪ್ಪಿಕೊಂಡೆ. ನಾಲ್ಕು ಮಾತಿನಲ್ಲಿ ನನಗೆ ಒಂದು ಸಿಕ್ಕಿದೆ, ಅದನ್ನು ಮೊದಲೇ ಬರೆದು ಕೈ ತೊಳೆದುಕೊಳ್ಳುತ್ತೇನೆ. ಅವರು ಒಂದು ದಿನವೂ ತಡವಾಗಿ ಬಂದವರಲ್ಲ. ಮರಳವಾಡಿಯಿಂದ ಕನಕಪುರಕ್ಕೆ ಒಂದು ಬಸ್ಸು, ಅಲ್ಲಿಂದ ರಾಮನಗರಕ್ಕೆ ಇನ್ನೊಂದು ಬಸ್ಸು ಹಿಡಿದು, ಬೆಲ್ಲು ಹೊಡೆಯುವ ಮೊದಲೇ ಕಂಪ್ಯೂಟರ್ ಲ್ಯಾಬಿನ ಬೀಗ ತೆಗೆದು ಒಳಗೆ ಕೂತಿರುತ್ತಿದ್ದರು. ಒಳ್ಳೆಯ ಮಾತು ಮುಗಿಯಿತು.

ಹೆಸರು ಬರೆಯುವುದಿಲ್ಲ. ಗುಟ್ಟೆಂದರೆ ಅವರಿಗೆ ಪ್ರಾಣ, ಅಷ್ಟು ಮರ್ಯಾದೆ ನಾನೂ ಕೊಡುತ್ತೇನೆ. 'ಅವರು' ಎನ್ನುವ ಬಹುವಚನವನ್ನೂ ಬಿಡುವುದಿಲ್ಲ. ಅದು ಅವರು ಗಳಿಸಿದ್ದಲ್ಲ, ನನ್ನ ತಾಯಿ ನನಗೆ ಕಲಿಸಿದ್ದು.

ನಾನು ಈ ಪಿಯು ಕಾಲೇಜಿನ ಲೈಬ್ರರಿಯನ್, ದಿನಾ ಚನ್ನಪಟ್ಟಣದಿಂದ ಬಂದು ಹೋಗುವವಳು. ಅವರು ಕಂಪ್ಯೂಟರ್ ಸೈನ್ಸ್ ಲೆಕ್ಚರರು. ನನ್ನ ಲೈಬ್ರರಿಗೂ ಅವರ ಲ್ಯಾಬಿಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಆಚೆ ಅವರು ಏನು ಮಾಡುತ್ತಿದ್ದಾರೆಂದು ತಿಳಿಯುವುದಕ್ಕೆ ನನಗೆ ಬಹಳ ವರ್ಷ ಬೇಕಾಯಿತು.

ಮನುಷ್ಯ ಹೇಗಿದ್ದರು ಎಂದರೆ, ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟಕ್ಕೆ ಕೂತರೆ ಟಿಫನ್ ಕ್ಯಾರಿಯರಿನ ಮುಚ್ಚಳವನ್ನು ತಟ್ಟೆಯ ಮುಂದೆ ನೆಟ್ಟಗೆ ನಿಲ್ಲಿಸಿಕೊಂಡು ತಿನ್ನುವವರು. "ಏನ್ ಸಾರ್ ಇವತ್ತು?" ಎಂದು ಯಾರಾದರೂ ಕೇಳಿದರೆ "ಏನೋ ಒಸಿ ಐತೆ" ಎನ್ನುವರು. ಅಷ್ಟರಲ್ಲಿ ಹುರುಳಿಕಾಳಿನ ಬಸ್ಸಾರಿನ ಘಮ ಬಾಗಿಲು ದಾಟಿ ಆಫೀಸಿನವರೆಗೂ ಹೋಗಿರುತ್ತಿತ್ತು. ರಜೆ ಹಾಕಿ ಎಲ್ಲಿಗೆ ಹೊರಟಿರಿ ಎಂದರೆ "ಇಲ್ಲೇ ಒಸಿ ಕೆಲ್ಸ". ಮಗಳ ಮದುವೆಯ ಲಗ್ನಪತ್ರಿಕೆಯನ್ನು ಮದುವೆಯ ಹಿಂದಿನ ದಿನ ಸಂಜೆ ತಂದು ಹಂಚಿದರು. "ಮುಂಚೇನೇ ಹೇಳಿದ್ರೆ ದೃಷ್ಟಿ ಆಯ್ತದೆ" ಎಂದರು. ಯಾರ ದೃಷ್ಟಿ? ನಮ್ಮದೇ! ನಾನೂ ಹೋಗಿ ಅಕ್ಷತೆ ಹಾಕಿ ಬಂದೆ, ಹುಡುಗಿ ಪಾಪ ಒಳ್ಳೆಯವಳು.

ಇಂಥವರ ಕೈಗೆ ಒಂದು ಬೀಗ ಸಿಕ್ಕಿದರೆ ಕೇಳಬೇಕೆ. ಸಿಕ್ಕಿದ್ದಲ್ಲ, ಅವರೇ ಮಾಡಿಕೊಂಡಿದ್ದರು. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಬರಹಕ್ಕೆ ಬೀಗ ಹಾಕುವ, ತೆಗೆಯುವ ಒಂದು ಪ್ರೋಗ್ರಾಂ. ಹೊಸ ಕಂಪ್ಯೂಟರ್ ಮೇಡಂ ಆಮೇಲೆ ನನಗೆ ಬಿಡಿಸಿ ಹೇಳಿದ ಪ್ರಕಾರ ಅದು ಮೊದಲ ವರ್ಷದ ಮಕ್ಕಳು ಅಭ್ಯಾಸಕ್ಕೆ ಬರೆಯುವಂಥದ್ದು. ನೀವು ಒಂದು ಪದವನ್ನು ಕೀ ಅಂತ ಕೊಡುತ್ತೀರಿ. ಆ ಪದದ ಲೆಕ್ಕದಲ್ಲಿ ಪ್ರತಿ ಅಕ್ಷರವೂ ತನ್ನ ಜಾಗ ಬಿಟ್ಟು ಮುಂದಿನ ಯಾವುದೋ ಜಾಗಕ್ಕೆ ಹೋಗಿ ಕೂರುತ್ತದೆ. ತರಗತಿಯಲ್ಲಿ ಮಕ್ಕಳು ಬೆಂಚು ಬದಲಾಯಿಸಿ ಕೂತರೆ ಯಾರು ಯಾರೆಂದು ಮೇಷ್ಟರಿಗೆ ತಿಳಿಯುವುದಿಲ್ಲವಲ್ಲ, ಹಾಗೆ. ಅದೇ ಪದವನ್ನು ಮತ್ತೆ ಕೊಟ್ಟರೆ ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಮರಳುತ್ತವೆ. ಇಷ್ಟೇ ವಿದ್ಯೆ.

ಅದನ್ನು ಮೊದಲ ಸಲ ತೋರಿಸಿದ ದಿನ ನನಗೆ ನೆನಪಿದೆ. ಇಂಗ್ಲಿಷಿನಲ್ಲಿ ನನ್ನ ಹೆಸರು ಹೊಡೆದರು, ಕೀ ಒತ್ತಿದರು, ಹೆಸರು ಹೋಗಿ ಏನೋ ಕಲಸುಮೇಲೋಗರ ಬಂತು. ಮತ್ತೆ ಒತ್ತಿದರು, ನನ್ನ ಹೆಸರು ಹಾಗೇ ವಾಪಸ್ಸು ಬಂತು. ಮಗುವಿನ ಹಾಗೆ ತಾವೇ ಚಪ್ಪಾಳೆ ತಟ್ಟಿಕೊಂಡರು. "ನೋಡುದ್ರಾ ಮೇಡಂ? ನಾನೇ ಬರ್ದಿದ್ದು. ಎಲ್ಲೂ ಕಾಪಿ ಹೊಡ್ದಿಲ್ಲ" ಎಂದರು. ಆ ಸಂತೋಷ ಸುಳ್ಳಲ್ಲ, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಇವತ್ತು ನಾನೂ ನಾಲ್ಕು ಒಳ್ಳೆಯ ಮಾತು ಬರೆಯುತ್ತಿದ್ದೆ.

ನಿಲ್ಲಿಸಲಿಲ್ಲ. ಪ್ರಿನ್ಸಿಪಾಲರ ತಲೆಗೆ ಅದನ್ನು ಹಚ್ಚಿದರು. ಪ್ರಶ್ನೆಪತ್ರಿಕೆಗಳೆಲ್ಲ ಇನ್ನು ಮುಂದೆ ಅವರ ಬೀಗದಲ್ಲೇ ಇರಬೇಕು ಎಂದು ಆದೇಶವಾಯಿತು. ಯಾರೇ ಪತ್ರಿಕೆ ಟೈಪ್ ಮಾಡಿದರೂ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಅವರ ಲ್ಯಾಬಿಗೆ ಹೋಗಬೇಕು. ಅವರು ಪೆನ್‌ಡ್ರೈವ್ ತೆಗೆದುಕೊಂಡು, ಮಾನಿಟರನ್ನು ಗೋಡೆಯ ಕಡೆಗೆ ತಿರುಗಿಸಿ, "ಒಸಿ ಆಚೆ ನಿಂತ್ಕಳಿ" ಎನ್ನುವರು. ಆಮೇಲೆ ಒಳಗೆ ಕರೆದು, ಪೆನ್‌ಡ್ರೈವನ್ನು ಅಳಿಸಿ ಖಾಲಿ ಮಾಡಿ ಕೈಗಿಟ್ಟು, ಕೀಬೋರ್ಡಿನ ಮೇಲೆ ತಮ್ಮ ಕರ್ಚೀಫು ಹೊದಿಸಿ, ಅದರ ಅಡಿಯಲ್ಲಿ ಕೈ ತೂರಿಸಿ ನಿಮ್ಮ ಕೀ ನೀವೇ ಹೊಡೆಯಿರಿ ಎಂದು ತಾವು ಆ ಕಡೆ ಮುಖ ಮಾಡಿ ನಿಲ್ಲುವರು. ದೇವರಿಗೆ ನೈವೇದ್ಯ ಮಾಡುವಾಗಲೂ ನಮ್ಮ ಕಡೆ ಇಷ್ಟು ಮರೆ ಮಾಡುವುದಿಲ್ಲ. ಪರೀಕ್ಷೆಯ ಹಿಂದಿನ ದಿನ ಮತ್ತೆ ಹೋಗಿ, ಮತ್ತೆ ಕರ್ಚೀಫಿನಡಿ ಕೈ ಹಾಕಿ ಕೀ ಹೊಡೆದು, ಮತ್ತೆ ಆಚೆ ನಿಂತರೆ, ಪತ್ರಿಕೆಯನ್ನು ಬಿಡಿಸಿ ಪ್ರಿಂಟು ತೆಗೆದು ಕೊಡುವರು. "ನನ್ ಸಿಸ್ಟಂ ಬುಟ್ರೆ ಬೇರೆ ಯಾವ ಸಿಸ್ಟಂನಲ್ಲೂ ತೆರ್ಯಲ್ಲ" ಎನ್ನುವುದು ಅವರ ದೊಡ್ಡ ಹೆಮ್ಮೆ. ಹಣೆಯ ವಿಭೂತಿಯ ಕೆಳಗೆ ಬೆರಳಿನಿಂದ ಟಕಟಕ ಬಡಿದು "ಎಲ್ಲಾ ಇಲ್ಲೈತೆ. ಭದ್ರ!" ಎನ್ನುವರು. ಬೆರಳಿಗೆ ಹತ್ತಿದ ವಿಭೂತಿ ಅವರ ಕೀಬೋರ್ಡಿನ ಮೇಲೆಲ್ಲ ಬೆಳ್ಳಗೆ ಮೆತ್ತಿರುತ್ತಿತ್ತು.

ಇನ್ನೊಂದು ವಿಷಯ. ಬೀಗ ಹಾಕಿದ ಇಂಗ್ಲಿಷ್ ಪತ್ರಿಕೆಯನ್ನು ನೋಡಿದರೆ ಅಕ್ಷರಗಳು ಅದಲುಬದಲಾಗಿ ಕಾಣುತ್ತಿದ್ದವು. ಕನ್ನಡ ಪತ್ರಿಕೆ ಮಾತ್ರ ಮೇಲಿಂದ ಕೆಳಗಿನವರೆಗೆ ಬರೀ ಪ್ರಶ್ನಾರ್ಥಕ ಚಿಹ್ನೆ. ಸಾಲು ಸಾಲು ಪ್ರಶ್ನಾರ್ಥಕ, ಬೇರೆ ಒಂದಕ್ಷರವಿಲ್ಲ. ಇದೇಕೆ ಹೀಗೆ ಎಂದು ನಾನೇ ಕೇಳಿದ್ದೆ. "ಕನ್ನಡಕ್ಕೆ ಡಬಲ್ ಸೆಕ್ಯೂರಿಟಿ ಕೊಟ್ಟಿವ್ನಿ ಮೇಡಂ. ನಮ್ ಭಾಷೆ ಅಲ್ವಾ" ಎಂದರು. ನಾವೆಲ್ಲ ತಲೆದೂಗಿದೆವು. ಎಂ.ಎ., ಎಂ.ಎಸ್ಸಿ., ಬಿ.ಎಡ್. ಮಾಡಿದ ತಲೆಗಳೇ ಎಲ್ಲ.

ಒಂದು ಸಲ ನಾನೂ ನನ್ನ ಅತ್ತೆಯ ಬಗ್ಗೆ ಒಂದು ಹರಟೆ ಬರೆದು ಅವರ ಬೀಗದಲ್ಲಿ ಇಟ್ಟಿದ್ದೆ. ಮನೆಯ ಕಂಪ್ಯೂಟರಿನಲ್ಲಿ ಇಟ್ಟರೆ ಅತ್ತೆಯ ಮಗ ಓದುತ್ತಾರೆ ಎನ್ನುವ ಭಯಕ್ಕೆ. ಕೆಲವು ದಿನದ ಮೇಲೆ ಸ್ಟಾಫ್ ರೂಮಿನಲ್ಲಿ ಬಸ್ಸಾರು ಕಲೆಸುತ್ತಾ, "ನಿಮ್ಮತ್ತೆ ತಿಂಡಿ ಡಬ್ಬ ಮಂಚದ ಕೆಳ್ಗೆ ಇಟ್ಕತಾರಂತೆ?" ಎಂದರು. ನಿಮಗೆ ಯಾರು ಹೇಳಿದರು ಎಂದರೆ "ಹಿಂಗೇ ಒಂದು ಅಂದಾಜು" ಎಂದು ಹಲ್ಲು ಕಿರಿದರು. ನನ್ನ ಗಂಡನೇ ಎಲ್ಲೋ ಬಾಯಿ ಬಿಟ್ಟಿರಬೇಕು ಎಂದುಕೊಂಡು ಆ ರಾತ್ರಿ ಮನೆಯವರಿಗೆ ಚೆನ್ನಾಗಿ ಪೂಜೆ ಮಾಡಿದೆ.

ಇನ್ನು ಮಮತಳ ವಿಷಯ. ಈ ಲೇಖನ ಇರುವುದೇ ಅವಳಿಗಾಗಿ.

ಮಮತ ಗುಡೇಮಾರನಹಳ್ಳಿಯ ಹುಡುಗಿ. ನಮ್ಮಲ್ಲಿ ಇತಿಹಾಸಕ್ಕೆ ಅತಿಥಿ ಉಪನ್ಯಾಸಕಿಯಾಗಿ ಬಂದಳು. ಅತಿಥಿ ಎನ್ನುವುದು ಹೆಸರಿಗೆ ಮಾತ್ರ, ದುಡಿಸಿಕೊಳ್ಳುವುದು ಮನೆಯವರಿಗಿಂತ ಹೆಚ್ಚು. ಆದರೂ ಆ ಹುಡುಗಿ ಪಾಠಕ್ಕೆ ನಿಂತಳೆಂದರೆ ಕಿಟಕಿಯಲ್ಲಿ ಬೇರೆ ಸೆಕ್ಷನ್ನಿನ ಮಕ್ಕಳ ತಲೆಗಳು ಕಾಣುತ್ತಿದ್ದವು. ಅವಳಿಗೆ ಪಾಠ ಮಾಡುವುದು ಬಿಟ್ಟು ಬೇರೆ ಏನೂ ಬೇಕಿರಲಿಲ್ಲ. ನನ್ನನ್ನು ಅಕ್ಕ ಎನ್ನುತ್ತಿದ್ದಳು.

ಆ ವರ್ಷ ದ್ವಿತೀಯ ಪಿಯುವಿನ ಪೂರ್ವಸಿದ್ಧತಾ ಪರೀಕ್ಷೆಗೆ ಇತಿಹಾಸದ ಪತ್ರಿಕೆಯನ್ನು ಅವಳೇ ತೆಗೆದಳು. ನನ್ನ ಲೈಬ್ರರಿಯ ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಟೈಪ್ ಮಾಡಿ, ಪೆನ್‌ಡ್ರೈವಿಗೆ ಹಾಕಿಕೊಂಡು, ನನ್ನ ಕಣ್ಣೆದುರೇ ಇಲ್ಲಿಂದ ಅಳಿಸಿ, ಪಕ್ಕದ ಲ್ಯಾಬಿಗೆ ಹೋಗಿ ಬೀಗ ಹಾಕಿಸಿದಳು. ಪರೀಕ್ಷೆಯ ಹಿಂದಿನ ದಿನ ಪ್ರಿಂಟು ತೆಗೆಸಿಕೊಂಡು ಬಂದವಳು ನನ್ನ ಮೇಜಿನ ಮುಂದೆ ನಿಂತು ನಕ್ಕಳು.

"ಅಕ್ಕ, ನಾನೆಂಥಾ ಪೆದ್ದಿ ನೋಡು. ಕೀ ಇಡೋವಾಗ ನಮ್ಮೂರ ಹೆಸರು ಇಟ್ಟಿದ್ದೆ. ಈಗ ತೆಗಿಯೋವಾಗ ಮರ್ತು ಅಮ್ಮನ್ ಹೆಸರು ಹೊಡ್ದ್‌ಬುಟ್ಟೆ. ಆದ್ರೂ ತೆರ್ಕತು!"

"ಸರಿಯಾಗೇ ಹೊಡೆದಿರ್ತೀಯ ಬಿಡು, ಕರ್ಚೀಫಿನಡಿ ಏನು ಕಾಣ್ತದೆ" ಎಂದು ನಾನೂ ನಕ್ಕೆ.

ಅವತ್ತು ಸಂಜೆಯೇ ಪತ್ರಿಕೆ ಮಕ್ಕಳ ಮೊಬೈಲುಗಳಲ್ಲಿ ಓಡಾಡಿತು. ಇದ್ದದ್ದು ಇದ್ದ ಹಾಗೇ, ಅವಳು ಟೈಪ್ ಮಾಡಿದ ಸಾಲುಗಳೇ.

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆ. ಪ್ರಿನ್ಸಿಪಾಲರು, ಆಡಳಿತ ಮಂಡಳಿಯ ಸೆಕ್ರೆಟರಿ, ನಮ್ಮ ಬೀಗದ ಮೇಷ್ಟ್ರು, ಮಮತ, ಸಾಕ್ಷಿಗೆ ನಾನು. ಲೈಬ್ರರಿಯಲ್ಲಿ ಅವಳು ಪತ್ರಿಕೆ ಅಳಿಸಿದ್ದನ್ನು ನಾನು ಕಣ್ಣಾರೆ ಕಂಡೆ ಎಂದು ಹೇಳಿದೆ. ಹಾಗಾದರೆ ಉಳಿದದ್ದು ಬೀಗದೊಳಗಿನ ಪತ್ರಿಕೆ ಒಂದೇ, ಅದರ ಕೀ ಗೊತ್ತಿದ್ದವಳು ಇವಳೊಬ್ಬಳೇ ಎಂದು ಸೆಕ್ರೆಟರಿ ಲೆಕ್ಕ ಹಾಕಿದರು. ಮಮತ ಅಳುತ್ತಲೇ ಹೇಳಿದಳು.

"ಸಾರ್, ನಾನು ತೆಗ್ಸೋವಾಗ ಹೊಡ್ದಿದ್ದು ತಪ್ಪು ಕೀ. ದೇವ್ರಾಣೆಗೂ ತಪ್ಪು ಕೀ. ಆದ್ರೂ ಪೇಪರ್ ಬಂತು. ಅಂದ್ರೆ ಆ ಬೀಗ ಯಾರ್ ಬೇಕಾದ್ರೂ ತೆಗೀಬೋದು ಸಾರ್."

ಎಲ್ಲರೂ ಅವರ ಕಡೆ ನೋಡಿದರು. ಆಗ ಅವರ ಮುಖ ಒಂದು ಗಳಿಗೆ ಬಿಳಿಚಿಕೊಂಡಿದ್ದನ್ನು ನಾನು ಕಂಡೆ. ತಮ್ಮ ಬೀಗವನ್ನು ಒಂದು ಚಿಕ್ಕ ಹುಡುಗಿ ಬೈದದ್ದಕ್ಕೆ ಸಿಟ್ಟು ಬಂದಿದೆ ಎಂದುಕೊಂಡೆ. ಅವರು ಗಂಟಲು ಸರಿಮಾಡಿಕೊಂಡು, ಹಣೆ ಬಡಿದುಕೊಂಡು ಹೇಳಿದರು. "ಚಾನ್ಸೇ ಇಲ್ಲ ಸಾರ್. ತಪ್ಪು ಕೀಗೆ ನನ್ ಬೀಗ ತೆರ್ಯಲ್ಲ. ತೆರ್ದೈತೆ ಅಂದ್ರೆ ಸರಿ ಕೀನೇ ಬಿದ್ದೈತೆ. ಆ ಸರಿ ಕೀ ಇದ್ದಿದ್ದು ಈಯಮ್ಮನ್ ಹತ್ರ."

ಆ ಮಾತು ಅವಳ ಕೆಲಸ ತಿಂದಿತು. ನಾಳೆಯಿಂದ ಬರುವುದು ಬೇಡಮ್ಮ ಎಂದರು ಪ್ರಿನ್ಸಿಪಾಲರು. ಸೆಕ್ರೆಟರಿ "ಪೊಲೀಸಿಗೆ ಕೊಡ್ದೇ ಬುಟ್ಟಿರೋದೇ ನಿನ್ನ ಪುಣ್ಯ" ಎಂದರು. ನಾನು ಕೂಗಾಡಿದೆ. ಲೈಬ್ರರಿಯನ್ ಕೂಗಾಡಿದರೆ ಯಾರು ಕೇಳುತ್ತಾರೆ? ಸೈಲೆನ್ಸ್ ಎಂದು ಬೋರ್ಡು ಹಾಕಿಕೊಂಡವಳು ನಾನೇ.

ಆಮೇಲೆ ಅವಳು ಚನ್ನಪಟ್ಟಣದಲ್ಲಿ ಕೇಳಿದಳು, ಕನಕಪುರದಲ್ಲಿ ಕೇಳಿದಳು, ಮಾಗಡಿಯಲ್ಲಿ ಕೇಳಿದಳು. ಹೋದಲ್ಲೆಲ್ಲ ಅವಳಿಗಿಂತ ಮೊದಲು ಸುದ್ದಿ ಹೋಗಿ ಕೂತಿರುತ್ತಿತ್ತು. "ಓಹೋ, ಪೇಪರ್ ಮಾರ್ಕಂಡ ಮೇಡಮ್ಮಾ?" ಎಂದು ಒಂದು ಕಡೆ ಮುಖದ ಮೇಲೆಯೇ ಕೇಳಿದರಂತೆ. ಕೊನೆಗೆ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಫ್ಯಾಕ್ಟರಿ ಸೇರಿ ಪ್ಯಾಕಿಂಗ್ ವಿಭಾಗದಲ್ಲಿ ನಿಂತಳು. ಒಮ್ಮೆ ಕನಕಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು, ಯೂನಿಫಾರಂ ಮೇಲೆ ಒಂದು ವೇಲು ಹೊದ್ದುಕೊಂಡು. ನನ್ನ ಯೋಗಕ್ಷೇಮ ಕೇಳುವ ಮೊದಲೇ, "ಹಿಸ್ಟರಿ ಈಗ ಯಾರು ತಗತಾವ್ರೆ ಅಕ್ಕ? ಯಾವ ಪಾಠ ನಡೀತೈತೆ?" ಎಂದಳು.

ಇತ್ತ ನಮ್ಮ ಮಹಾಶಯರು ಆರಾಮವಾಗಿದ್ದರು. ಅದೇ ಮುಚ್ಚಳ, ಅದೇ ಬಸ್ಸಾರು, ಅದೇ "ಭದ್ರ!". ಮಮತಳ ಹೆಸರು ಬಂದರೆ "ಪಾಪ, ವಯ್ಸು. ದುಡ್ಡಿನಾಸೆ" ಎನ್ನುವರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದನ್ನು ಕೇಳಿದ್ದೇನೆ. ಕುಡಿದಾದ ಮೇಲೆ ಇಲಿಯ ನಡತೆಯ ಬಗ್ಗೆ ಮಾತಾಡುವ ಬೆಕ್ಕನ್ನು ನೋಡಿದ್ದು ಇವರಲ್ಲೇ.

ಕಳೆದ ಬೇಸಿಗೆಯಲ್ಲಿ ಅವರು ನಿವೃತ್ತರಾದರು. ಬೀಳ್ಕೊಡುಗೆಗೆ ಶಾಮಿಯಾನ, ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಬಂತು. ಅವರ ಜಾಗಕ್ಕೆ ಬಂದಿದ್ದ ಹೊಸ ಕಂಪ್ಯೂಟರ್ ಮೇಡಂ ತುಂಬು ಉತ್ಸಾಹದ ಹುಡುಗಿ, ಒಳಗೊಂದು ಹೊರಗೊಂದು ಇಲ್ಲದವಳು. ಲ್ಯಾಬಿನ ಚಾರ್ಜು ತೆಗೆದುಕೊಂಡಾಗ ಅಲ್ಲಿ ಈ ಪ್ರೋಗ್ರಾಂ ನೋಡಿ, ಹಿರಿಯರಿಗೆ ಗೌರವ ತೋರಿಸಬೇಕೆಂದು ಅದನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದಳು. ಅವರ ಅಭಿನಂದನಾ ಪತ್ರವನ್ನು ಕನ್ನಡದಲ್ಲಿ ತಾನೇ ಟೈಪ್ ಮಾಡಿ, ಅದಕ್ಕೆ ಅವರದೇ ಬೀಗ ಹಾಕಿ ಇಟ್ಟಿದ್ದಳು. ಎಲ್ಲರ ಮುಂದೆ ದೊಡ್ಡ ಪರದೆಯ ಮೇಲೆ ಅದನ್ನು ತೆಗೆದು ಓದಬೇಕು, ಅವರಿಗೆ ಸರ್‌ಪ್ರೈಸ್ ಆಗಬೇಕು ಎನ್ನುವುದು ಅವಳ ಯೋಚನೆ.

"ಸಾರ್, ನಿಮ್ಮ ಬೀಗದಲ್ಲೇ ನಿಮ್ಮ ಅಭಿನಂದನಾ ಪತ್ರ ಇಟ್ಟಿದೀನಿ. ಬಂದು ನೀವೇ ತೆಗೀಬೇಕು" ಎಂದು ಮೈಕಿನಲ್ಲಿ ಕರೆದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಪರದೆಯ ಮೇಲೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳು.

ಅವರು ಕುರ್ಚಿ ಬಿಟ್ಟು ಏಳಲಿಲ್ಲ. "ಈಗ್ಯಾಕಮ್ಮ ಅದೆಲ್ಲ. ಊಟಕ್ಕೆ ತಡ ಆಯ್ತದೆ" ಎಂದರು.

"ಒಂದೇ ನಿಮಿಷ ಸಾರ್."

"ಆ ಪರದೆ ಆಫ್ ಮಾಡ್ಸು ಮೊದ್ಲು. ಕೀ ಎಲ್ರಿಗೂ ಕಾಣ್ತದೆ."

"ಚುಕ್ಕಿ ಮಾತ್ರ ಕಾಣ್ತವೆ ಸಾರ್, ಅಕ್ಷರ ಕಾಣಲ್ಲ."

"ಅದು ನನ್ ಸಿಸ್ಟಂನಲ್ಲಿ ಮಾತ್ರ ತೆರ್ಯೋದು ಕಣಮ್ಮ. ಸುಮ್ನಿರು."

"ಇಲ್ಲ ಸಾರ್, ಪ್ರೋಗ್ರಾಂ ಒಂದೇ ಅಲ್ವಾ, ಎಲ್ಲಿ ಬೇಕಾದ್ರೂ ತೆಗೀಬಹುದು" ಎಂದು ಆ ಮುಗ್ಧೆ ತಾನೇ ಕೀ ಹೊಡೆದು ಒತ್ತಿದಳು.

ಪರದೆ ಒಮ್ಮೆ ಮಿನುಗಿತು. ಮತ್ತೆ ಸಾಲು ಸಾಲು ಪ್ರಶ್ನಾರ್ಥಕ. ನಡುವೆ ಒಂದು ಕಡೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದ ಅವರ ಡಿಗ್ರಿಗಳು ಮಾತ್ರ ಶುದ್ಧವಾಗಿ ಮೂಡಿ ಬಂದವು. ಮೇಲೂ ಪ್ರಶ್ನಾರ್ಥಕ, ಕೆಳಗೂ ಪ್ರಶ್ನಾರ್ಥಕ, ಮಧ್ಯೆ ಅವರ ಎಂ.ಎಸ್ಸಿ. ಹುಡುಗಿ ಕೀ ತಪ್ಪಾಯಿತೇನೋ ಎಂದು ನಿಧಾನವಾಗಿ ಮತ್ತೆ ಹೊಡೆದಳು. ಮತ್ತೆ ಅದೇ. ಹಿಂದಿನ ಸಾಲಿನಿಂದ ಯಾರೋ ಹುಡುಗ, "ಡಬಲ್ ಸೆಕ್ಯೂರಿಟಿ ಕಣ್ಲಾ!" ಎಂದ. ಶಾಮಿಯಾನವೆಲ್ಲ ಗೊಳ್ಳೆಂದಿತು. ಹೊಸ ಮೇಡಂ ಮೈಕು ಹಿಡಿದದ್ದನ್ನೇ ಮರೆತು, "ಸಾರ್, ಇದಕ್ಕೆ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಗೊತ್ತೇ ಇಲ್ವಲ್ಲ. ಕನ್ನಡ ಹಾಕಿದ್ರೆ ಅಳಿಸಿ ಪ್ರಶ್ನೆ ಗುರುತು ಮಾಡಿಬಿಡುತ್ತೆ. ಯಾವ ಕೀ ಕೊಟ್ರೂ ವಾಪಸ್ ಬರಲ್ಲ" ಎಂದಳು. ಅದು ಮೂಲೆಮೂಲೆಗೂ ಕೇಳಿಸಿತು.

ಎಲ್ಲರೂ ನಗುತ್ತಿದ್ದರು. ನನಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯತೊಡಗಿತು. ಯಾವ ಕೀ ಕೊಟ್ಟರೂ ಬರುವುದಿಲ್ಲ! ಹಾಗಾದರೆ ಇಷ್ಟು ವರ್ಷ ನಮ್ಮ ಕನ್ನಡ ಪತ್ರಿಕೆಗಳು ಬಂದದ್ದು ಎಲ್ಲಿಂದ? ಗೋಡೆಗೆ ತಿರುಗಿಸಿದ ಮಾನಿಟರು, ಒಸಿ ಆಚೆ ನಿಂತ್ಕಳಿ, ನಮ್ಮತ್ತೆಯ ಮಂಚದ ಕೆಳಗಿನ ತಿಂಡಿ ಡಬ್ಬ, ಎಲ್ಲ ಒಟ್ಟಿಗೇ ತಲೆಗೆ ಬಂತು. ಬೀಗ ಹಾಕುವ ಮೊದಲೇ ಒಂದು ಕಾಪಿ ಎತ್ತಿಟ್ಟುಕೊಂಡು, ಕೇಳಿದಾಗ ಅದನ್ನೇ ತೆಗೆದು ಕೊಡುತ್ತಿದ್ದರು! ನಾವು ಕರ್ಚೀಫಿನಡಿ ಏನು ಹೊಡೆದರೂ ಒಂದೇ, ಹೊಡೆಯದಿದ್ದರೂ ಒಂದೇ. ಆ ಹುಡುಗಿ ಹೇಳಿದ್ದು ಅಕ್ಷರಶಃ ನಿಜ.

ನಾನು ಎದ್ದು ನಿಂತೆ. ಮೈಕು ಬೇಕಾಗಲಿಲ್ಲ.

"ಸಾರ್, ಸರಿ ಕೀಗೇ ತೆರೆಯದ ಬೀಗ ಅವತ್ತು ಮಮತಳ ತಪ್ಪು ಕೀಗೆ ಹೆಂಗೆ ತೆರೀತು?"

ನಗು ನಿಂತಿತು. ಅವರ ಬೆರಳು ಅಭ್ಯಾಸದಂತೆ ಹಣೆಗೆ ಹೋಯಿತು, ಬಡಿಯಲಿಲ್ಲ, ಅಲ್ಲೇ ನಿಂತಿತು. ಪ್ರಿನ್ಸಿಪಾಲರು "ಕಾರ್ಯಕ್ರಮ ಮುಗೀಲಿ ಮೇಡಂ, ಆಮೇಲೆ ಮಾತಾಡೋಣ" ಎಂದರು. ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅವರು ತಗೊಂಡರು! ನಾನಾಗಿದ್ದರೆ ಆ ಬುಟ್ಟಿ ಅಲ್ಲೇ ಬಿಟ್ಟು ಮುಖ ಮುಚ್ಚಿಕೊಂಡು ಓಡುತ್ತಿದ್ದೆ.

ಊಟವಾದ ಮೇಲೆ ಲೈಬ್ರರಿಗೆ ಬಂದರು. ಕೈ ಮುಗಿದು ಕ್ಷಮೆ ಕೇಳುತ್ತಾರೆ ಎಂದು ನಾನು ಮನಸ್ಸಿನಲ್ಲೇ ಸಿದ್ಧಳಾದೆ. ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ, "ಮೇಡಂ, ಕನ್ನಡ ಒಂದೇ ಹಂಗಾಗೋದು. ಇಂ‌ಗ್ಲಿಷ್‌ನಲ್ಲಿ ಪರ್ಫೆಕ್ಟಾಗೈತೆ. ನಿಮ್ಗೇ ತೋರ್ಸಿದ್ನಲ್ಲ?" ಎಂದರು.

ನಾನು ಅವರನ್ನೇ ನೋಡಿದೆ. "ಕಾಪಿ ಇಟ್ಕೊತಿದ್ರಾ?"

"ನಿಮ್ ಒಳ್ಳೇದಕ್ಕೇ ಇಟ್ಕತಿದ್ದೆ. ಇಲ್ದಿದ್ರೆ ನಿಮ್ ಪೇಪರ್‌ಗಳು ಹೋಗ್ಬುಡವು."

"ಆ ಕಾಪಿ ಆಚೆ ಹೆಂಗೆ ಹೋಯ್ತು?"

ಮುಚ್ಚಿದ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದರು. "ಸೆಕ್ರೆಟರಿ ಅಣ್ಣನ್ ಮಗ ಆವಾಗ ಸೆಕೆಂಡ್ ಪಿಯು. ಏನೋ ಪ್ರಿಂಟು ಅಂತ ನನ್ ಸಿಸ್ಟಂಗೆ ಬತ್ತಿದ್ದ. ಮ್ಯಾನೇಜ್‌ಮೆಂಟ್ ಹುಡ್ಗ, ಬ್ಯಾಡ ಅನ್ನಕಾಯ್ತದಾ?"

ನಮಗೆಲ್ಲ ಮಾನಿಟರು ತಿರುಗಿಸಿದವರು ಆ ಹುಡುಗನಿಗೆ ಕುರ್ಚಿಯನ್ನೇ ಬಿಟ್ಟುಕೊಟ್ಟಿದ್ದರು. "ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ? ಆ ಹುಡುಗಿ ನಿಮ್ಮ ಎದುರಿಗೇ ಅಳ್ತಾ ಇರ್ಲಿಲ್ವಾ?"

ಅವರು ಕೊಟ್ಟ ಉತ್ತರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ಹೇಳಿದ್ರೆ ಪ್ರೋಗ್ರಾಂ ಮರ್ವಾದೆ ಹೋಗದು ಮೇಡಂ" ಎಂದರು.

ಥೂ! ಎಂದೆ. ಬರೆಯುವಾಗ ಬದಲಾಯಿಸುತ್ತಿಲ್ಲ, ಹಾಗೇ ಎಂದೆ.

ಮರುದಿನದಿಂದ ನಾನು ಪ್ರಿನ್ಸಿಪಾಲರ ಕೋಣೆಯ ಮುಂದೆ ಕೂರುವುದನ್ನೇ ಕೆಲಸ ಮಾಡಿಕೊಂಡೆ. ಮೊದಲು ನೋಡೋಣ ಎಂದರು, ಆಮೇಲೆ ಸೆಕ್ರೆಟರಿಯನ್ನು ಕೇಳಬೇಕು ಎಂದರು. ಸೆಕ್ರೆಟರಿಯ ಹತ್ತಿರ ನಾನೇ ಹೋಗಿ, ನಿಮ್ಮ ಅಣ್ಣನ ಮಗ ಚೆನ್ನಾಗಿದ್ದಾನಾ ಎಂದು ಮಾತ್ರ ಕೇಳಿ ಬಂದೆ. ಜೂನಿನಿಂದ ಮಮತ ಮತ್ತೆ ಇತಿಹಾಸಕ್ಕೆ ಬರಲಿ ಎಂದು ತೀರ್ಮಾನವಾಯಿತು. ಅತಿಥಿಯಾಗಿಯೇ. ಹಾರೋಹಳ್ಳಿಗೆ ನಾನೇ ಹೋಗಿ ಹೇಳಿದೆ. ಫ್ಯಾಕ್ಟರಿ ಗೇಟಿನಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಮೇಲೆ ಅವಳು, "ಹಂಗಾದ್ರೆ ನಾನು ತಪ್ಪು ಕೀ ಹೊಡ್ದಿದ್ದು ನಿಜ ಅಲ್ವಾ ಅಕ್ಕ? ನಂಗೇ ತಲೆ ಕೆಟ್ಟೈತೇನೋ ಅನ್ಕಂಡ್‌ಬುಟ್ಟಿದ್ದೆ" ಎಂದಳು. ಅಷ್ಟು ವರ್ಷ ಆ ಹುಡುಗಿ ತನ್ನನ್ನು ತಾನೇ ನಂಬದೆ ಬದುಕಿದ್ದಳು.

ಅವಳು ಮರಳಿ ಬಂದ ಮೊದಲ ದಿನ, ಒಗೆದು ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟಿದ್ದಳು. ನಾನು ಗೇಟಿಗೇ ಹೋಗಿ ಕರೆದುಕೊಂಡು ಬರುತ್ತಿದ್ದೆ. ಎದುರಿಗೆ ಅವರು. ತಮ್ಮ ಕಾಗದಪತ್ರಕ್ಕೆ ಆಫೀಸಿನಲ್ಲಿ ಸಹಿ ಹಾಕಿಸಿಕೊಂಡು ಹೊರಗೆ ಬರುತ್ತಿದ್ದರು.

"ಓ, ಮಮತ! ಬಂದ್ಬುಟ್ಯಾ? ಒಳ್ಳೇದಾಯ್ತು ಬುಡು" ಎಂದರು, ಹುಡುಗಿ ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಂದಿದ್ದಾಳೆ ಎನ್ನುವ ಹಾಗೆ. ಮಮತ ಕೈ ಮುಗಿದಳು. ಅದನ್ನು ಕಂಡು ಅವರಿಗೆ ಧೈರ್ಯ ಬಂತು. ಹಣೆ ಬಡಿದುಕೊಂಡು, "ಹೊಸ ವರ್ಶನ್ ಬರೀತಾ ಇವ್ನಿ ಕಣಮ್ಮ. ಈ ಸತಿ ಕನ್ನಡಕ್ಕೂ ಆಯ್ತದೆ" ಎಂದರು.

"ಅದೆಲ್ಲ ನಂಗೆ ಬ್ಯಾಡ ಸಾರ್" ಎಂದಳು ಮಮತ. "ತಪ್ಪಾಯ್ತು ಅಂತ ಒಂದ್ ಮಾತು ಅಂದ್ಬುಡಿ, ಸಾಕು."

ಅವರು ಸುತ್ತಲೂ ನೋಡಿದರು. ವಾಚ್‌ಮನ್ ಇದ್ದ, ಎಳನೀರಿನವನಿದ್ದ, ಬಸ್ಸಿಳಿದು ಬರುತ್ತಿದ್ದ ಮಕ್ಕಳಿದ್ದರು. ದನಿ ತಗ್ಗಿಸಿದರು. "ಇಲ್ಲಿ ಬ್ಯಾಡ ಕಣಮ್ಮ, ಯಾರಾರ ಕೇಳುಸ್ಕಂಡಾರು. ಸಾಯಂಕಾಲ ಫೋನ್ ಮಾಡ್ತೀನಿ."

"ನನ್ನ ಕಳ್ಳಿ ಅಂದಾಗ ನಾಕು ತಾಲ್ಲೂಕೂ ಕೇಳುಸ್ಕತು ಸಾರ್. ಇದನ್ನ ಈ ಗೇಟಿನವರ್ಗಾದ್ರೂ ಕೇಳೋ ಹಂಗೆ ಹೇಳಿ."

ಅವರ ಬಾಯಿ ತೆರೆಯಿತು. ಬೆಲ್ಲು ಹೊಡೆಯಿತು. "ಬಸ್ಸಿಗೆ ಹೊತ್ತಾಯ್ತು" ಎಂದು ಕಾಗದಗಳನ್ನು ಎದೆಗೊತ್ತಿಕೊಂಡು ನಡೆದುಬಿಟ್ಟರು. ಮಮತ ಅವರ ಬೆನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ, "ಸೆಕೆಂಡ್ ಪಿಯು ಈಗ್ಲೂ ಅದೇ ರೂಮೇನಕ್ಕಾ?" ಎಂದು ಕೇಳಿ, ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತಿದಳು.

ಆ ಫೋನು ಇವತ್ತಿನವರೆಗೂ ಬಂದಿಲ್ಲ. ಪ್ರಿನ್ಸಿಪಾಲರೇ, ನೀವು ಕೇಳಿದ ಲೇಖನ ಇದು. ಇದಕ್ಕೆ ನಾನು ಯಾವ ಬೀಗವನ್ನೂ ಹಾಕಿಲ್ಲ. ಅಚ್ಚು ಹಾಕಿಸಿ, ನಾಲ್ಕು ತಾಲ್ಲೂಕೂ ಓದಲಿ.